ನೆಲದ ಮೇಲಿನ ಗರಡಿ

ದ್ರೋಣರು ತಮ್ಮ ಶಿಷ್ಯರ ಗುರಿಯನ್ನು ಪರೀಕ್ಷಿಸಲು ಮರದ ತುದಿಯಲ್ಲಿ ಹಕ್ಕಿಯೊಂದನ್ನಿರಿಸಿದ ಕಥೆ ನಮಗೆಲ್ಲ ಗೊತ್ತು. ಅರ್ಜುನನ ಏಕಾಗ್ರತೆಯನ್ನು ಕೊಂಡಾಡುವ ಸಂಭ್ರಮದಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಆ ಹಕ್ಕಿಗೆ ಜೀವವಿರಲಿಲ್ಲ. ಅದು ಶಿಲ್ಪಿಗಳಿಂದ ಮಾಡಿಸಿ ತಂದ ಬೊಂಬೆ. ಗುರಿ ಹಿಡಿಯಲಾರದ ರಾಜಕುಮಾರರಿಗೆ ಆ ದಿನ ದೊರೆತದ್ದು ಗುರುವಿನ ಗದರಿಕೆ ಮಾತ್ರ. ಅದೇ ತಪ್ಪನ್ನು ಕುರುಕ್ಷೇತ್ರದಲ್ಲಿ ಮಾಡಿದ್ದರೆ ತಲೆಯೇ ಹೋಗುತ್ತಿತ್ತು. ನಮ್ಮ ಹಿರಿಯರು ಊರೂರಿನಲ್ಲಿ ಗರಡಿಗಳನ್ನು ಕಟ್ಟಿದ್ದೂ ಈ ಕಾರಣಕ್ಕಾಗಿಯೇ: ಕಣದಲ್ಲಿ ಮಾಡಬಹುದಾದ ತಪ್ಪುಗಳನ್ನು ಮೊದಲು ಮಟ್ಟಿಯ ಮೇಲೆ ಮಾಡಿ ಮುಗಿಸಲೆಂದು.

ಇಂದಿನ ನನ್ನ ಮಾತು ಇಪ್ಪತ್ತನೆಯ ಶತಮಾನ ತನಗಾಗಿ ಕಟ್ಟಿಕೊಂಡ ವಿಚಿತ್ರವಾದ ಗರಡಿಯೊಂದನ್ನು ಕುರಿತದ್ದು. ಅಲ್ಲಿ ವಿಮಾನವಿದೆ, ಹಾರಾಟವಿಲ್ಲ, ಕಾಳಗವಿದೆ, ಸಾವಿಲ್ಲ. ಅದನ್ನು ಸಿಮ್ಯುಲೇಟರ್ ಎನ್ನುತ್ತಾರೆ. ನಾನು ಅಣಕು ವಿಮಾನವೆಂದು ಕರೆಯುತ್ತೇನೆ.

ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏತಕ್ಕೆಂದು ನೀವು ಕೇಳಬಹುದು. ಇದಕ್ಕೆ ಕಾರಣ ನನ್ನ ಮೊಮ್ಮಗ. ಅವನು ಕಂಪ್ಯೂಟರಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳನ್ನು ಹಾರಿಸುವ ಆಟವಾಡುತ್ತಾನೆ. ಎದುರಾಳಿಯ ಬೆನ್ನು ಹತ್ತಿ ಕೋಲನ್ನು ಎಳೆದೊಡನೆ ಅವನ ವಿಮಾನ ಗಿರಗಿರನೆ ಸುತ್ತುತ್ತ ನೆಲಕ್ಕೆ ಬೀಳುತ್ತಿತ್ತು. ಮೊದಲು ಕೋಲು ಕೆಟ್ಟಿದೆಯೆಂದ. ಆಮೇಲೆ ಕಂಪ್ಯೂಟರನ್ನು ದೂರಿದ. ಒಂದು ಸಂಜೆ ನಾನು ಪಕ್ಕದಲ್ಲಿ ಕುಳಿತು, “ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು” ಎಂದೆ. ಹಳೆಯ ಓಲೆಗರಿಯ ಪಾಠಾಂತರಗಳನ್ನು ಹೋಲಿಸುವಾಗ ನಾವು ಕಲಿತ ಕ್ರಮ ಅದೇ ತಾನೆ? ಕೋಲಿನಿಂದ ಕೈ ತೆಗೆದಾಗ ವಿಮಾನ ನೆಟ್ಟಗೆ ಹಾರಿತು. ಮೆಲ್ಲಗೆ ಎಳೆದಾಗ ಮೆಲ್ಲಗೆ ತಿರುಗಿತು. ರಭಸದಿಂದ ಎಳೆದಾಗ ಮಾತ್ರ ಬಿದ್ದಿತು. ದೋಷವಿದ್ದದ್ದು ಕೈಯಲ್ಲಿ. ಎದುರುಗಾಳಿಗೆ ರೆಕ್ಕೆ ಒಡ್ಡಿಕೊಳ್ಳುವ ಓರೆ ಒಂದು ಮಿತಿಯನ್ನು ಮೀರಿದರೆ, ವೇಗವೆಷ್ಟೇ ಇರಲಿ, ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು ಎತ್ತುವ ಬಲ ಕುಸಿಯುತ್ತದೆ. ಗೆಲ್ಲುವ ಆತುರದಲ್ಲಿ ಹುಡುಗ ಆ ಮಿತಿಯನ್ನು ದಾಟುತ್ತಿದ್ದ. ಅಂದು ರಾತ್ರಿ ನನಗೊಂದು ಪ್ರಶ್ನೆ ಮೂಡಿತು. ಮರಳಿ ಆಡುವ ಗುಂಡಿಯಿಲ್ಲದ ಕಾಲದಲ್ಲಿ ಮನುಷ್ಯರು ಇದನ್ನೆಲ್ಲ ಕಲಿತದ್ದು ಹೇಗೆ?

ಬಹುಮಟ್ಟಿಗೆ ಸತ್ತು ಕಲಿತರು ಎಂಬುದೇ ಅದಕ್ಕೆ ಉತ್ತರ. ರೈಟ್ ಸಹೋದರರು 1903ರಲ್ಲಿ ಹಾರಿದ ಮೇಲೆ ಕೆಲವೇ ವರ್ಷಗಳಲ್ಲಿ ಯೂರೋಪಿನಲ್ಲಿ ಹಾರಾಟದ ಶಾಲೆಗಳು ಹುಟ್ಟಿಕೊಂಡವು. 1910ರ ಸುಮಾರಿಗೆ ಫ್ರಾನ್ಸಿನ ಆಂತ್ವಾನೆತ್ ವಿಮಾನಗಳ ಶಾಲೆಯಲ್ಲಿ ಪೀಪಾಯಿಯ ಹೋಳುಗಳನ್ನು ಒಂದರ ಮೇಲೊಂದು ಕೂಡಿಸಿ, ಮೇಲೆ ಆಸನವಿಟ್ಟು, ಶಿಷ್ಯನನ್ನು ಕೂರಿಸುತ್ತಿದ್ದರು. ಕೆಳಗೆ ನಿಂತ ಸಹಾಯಕರು ಅದನ್ನು ಅತ್ತಿತ್ತ ವಾಲಿಸಿದಾಗ ಅವನು ಚಕ್ರಗಳನ್ನು ತಿರುಗಿಸಿ, ಎದುರಿನ ಪಟ್ಟಿಯನ್ನು ದಿಗಂತಕ್ಕೆ ಸರಿಹೊಂದಿಸಬೇಕಿತ್ತು. ಆ ಕಾಲದ ಚಿತ್ರವನ್ನು ನೋಡಿದರೆ ಜಾತ್ರೆಯ ಮರದ ಕುದುರೆಯ ನೆನಪಾಗಿ ನಗು ಬರುತ್ತದೆ. ಆದರೆ ಆ ಪೀಪಾಯಿಯಿಂದ ಬಿದ್ದವನು ಮೈ ಕೊಡವಿಕೊಂಡು ಎದ್ದು ಮನೆಗೆ ಹೋಗಬಹುದಾಗಿತ್ತು.

ಈ ಕಥೆಯ ನಾಯಕನೆನ್ನಬಹುದಾದ ಎಡ್ವಿನ್ ಲಿಂಕ್ 1904ರಲ್ಲಿ ಅಮೆರಿಕದಲ್ಲಿ ಹುಟ್ಟಿದವನು. ನ್ಯೂಯಾರ್ಕ್ ಸಂಸ್ಥಾನದ ಬಿಂಗಮ್‌ಟನ್ ಊರಿನಲ್ಲಿ ಅವನ ತಂದೆ ಆರ್ಗನ್ ವಾದ್ಯಗಳನ್ನೂ ತಾವೇ ನುಡಿಯುವ ಪಿಯಾನೋಗಳನ್ನೂ ತಯಾರಿಸುತ್ತಿದ್ದ. 1920ರಲ್ಲಿ ಲಿಂಕ್ ಐವತ್ತು ಡಾಲರು ತೆತ್ತು ಮೊದಲ ಪಾಠಕ್ಕೆ ಹೋದಾಗ, ಶಿಕ್ಷಕ ಅವನನ್ನು ಕೂರಿಸಿಕೊಂಡು ಆಕಾಶದಲ್ಲಿ ಲಾಗ ಹಾಕಿಸಿ ಇಳಿಸಿದನೇ ಹೊರತು ಕೋಲನ್ನು ಮುಟ್ಟಗೊಡಲಿಲ್ಲ. ಶಿಕ್ಷಕನ ಹೆದರಿಕೆಯೂ ಸಹಜವಾದದ್ದೇ. ಹುಡುಗ ತಪ್ಪಿದರೆ ಸಾಯುವವರು ಇಬ್ಬರು.

ಲಿಂಕ್ ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕುಳಿತು ಹಾರದ ವಿಮಾನವೊಂದನ್ನು ರಚಿಸತೊಡಗಿದ. ಹಾರ್ಮೋನಿಯಂ ಬಲ್ಲ ನಮಗೆ ತಿದಿಯ ಮರ್ಮ ಗೊತ್ತು: ಗಾಳಿ ತುಂಬಿದರೆ ಉಬ್ಬುತ್ತದೆ, ತೆಗೆದರೆ ಕುಗ್ಗುತ್ತದೆ. ಆರ್ಗನ್‌ನ ಅಂಥ ತಿದಿಗಳ ಮೇಲೆ ಲಿಂಕ್ ಮರದ ಪುಟ್ಟ ವಿಮಾನವೊಂದನ್ನು ಕೂರಿಸಿದ. ಒಳಗಿನ ಕೋಲನ್ನು ಸರಿಸಿದರೆ ಕವಾಟ ತೆರೆದು ಒಂದು ತಿದಿ ಉಬ್ಬಿ ಇನ್ನೊಂದು ಕುಗ್ಗಿ ವಿಮಾನ ವಾಲುತ್ತಿತ್ತು. 1929ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಕೊಂಡವರು ಯಾರು? ವಿನೋದ ಉದ್ಯಾನಗಳ ಮಾಲೀಕರು. ಮಕ್ಕಳು ನಾಣ್ಯ ಹಾಕಿ ಆಡುವ ಆಟಿಕೆಯಾಗಿ ಅದು ಮಾರಾಟವಾಯಿತು. ಹಾರಾಟದ ಪಂಡಿತರು ಅದರತ್ತ ತಿರುಗಿಯೂ ನೋಡಲಿಲ್ಲ.

ನೋಡುವಂತೆ ಮಾಡಿದ್ದು ಮೃತ್ಯು. 1934ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಕಾರ ವಿಮಾನ ಅಂಚೆಯನ್ನು ಖಾಸಗಿ ಕಂಪೆನಿಗಳಿಂದ ಕಸಿದು ಸೈನ್ಯದ ಪೈಲಟ್‌ಗಳಿಗೆ ವಹಿಸಿತು. ಚಳಿಗಾಲದ ರಾತ್ರಿ, ಮಂಜು, ಹಿಮಪಾತ. ಕೆಲವೇ ತಿಂಗಳುಗಳಲ್ಲಿ ಹನ್ನೆರಡು ಮಂದಿ ವೈಮಾನಿಕರು ಸತ್ತರು. ಅವರಲ್ಲಿ ಶೌರ್ಯದ ಕೊರತೆ ಇರಲಿಲ್ಲ. ಮೋಸ ಮಾಡಿದ್ದು ಬಹುಮಟ್ಟಿಗೆ ಅವರ ಕಿವಿಯೇ. ನಮ್ಮ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ, ದೇಹ ತಿರುಗತೊಡಗಿದಾಗ ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ; ತಿರುಗುವಿಕೆ ಒಂದೇ ಸಮನೆ ಮುಂದುವರಿದರೆ ಸುಮ್ಮನಾಗುತ್ತದೆ. ದಿಗಂತ ಕಾಣದ ಮಂಜಿನಲ್ಲಿ ಸುರುಳಿ ಸುತ್ತುತ್ತ ಕೆಳಗಿಳಿಯುತ್ತಿರುವವನು ನೆಟ್ಟಗೆ ಹೋಗುತ್ತಿದ್ದೇನೆಂದೇ ನಂಬುತ್ತಾನೆ. ಆಗ ಮೈಯ ಮಾತನ್ನು ಬದಿಗಿಟ್ಟು, ಕಣ್ಣೆದುರಿನ ಉಪಕರಣಗಳ ಮುಳ್ಳುಗಳನ್ನೇ ನಂಬಬೇಕು. 1929ರಲ್ಲಿ ಜಿಮ್ಮಿ ಡೂಲಿಟ್ಲ್ ಮುಚ್ಚಿದ ಗೂಡಿನಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನೋಡಿ ಏರಿ ಇಳಿದು, ಇದು ಸಾಧ್ಯವೆಂದು ತೋರಿಸಿದ್ದ. ಆದರೆ ಸ್ವಂತ ಇಂದ್ರಿಯವನ್ನು ಅಪನಂಬುವುದು ಸುಲಭವೇ? ಅದಕ್ಕೆ ಸಾಧನೆ ಬೇಕು, ಸಾಧನೆಗೆ ಗರಡಿ ಬೇಕು.

ಸೈನ್ಯದ ಅಧಿಕಾರಿಗಳು ಲಿಂಕ್‌ನನ್ನು ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ಕರೆಸಿದ ದಿನವೂ ಮಂಜು ಕವಿದಿತ್ತು. ಇವನು ಬರಲಾರನೆಂದು ಅವರು ಹೊರಡುವುದರಲ್ಲಿದ್ದಾಗ, ಮಂಜನ್ನು ಸೀಳಿಕೊಂಡು ವಿಮಾನವೊಂದು ಇಳಿಯಿತು. ಅದರಿಂದಿಳಿದವನು ತನ್ನ ಆಟಿಕೆಯಲ್ಲಿ ತಾನೇ ಅಭ್ಯಾಸ ಮಾಡಿದ್ದ ಲಿಂಕ್. ಮತ್ತೆ ವಾದ ಬೇಕಾಗಲಿಲ್ಲ. ಅದೇ ವರ್ಷ ಸೈನ್ಯ 3,500 ಡಾಲರಿಗೆ ಒಂದರಂತೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹತ್ತು ಸಾವಿರ ಯಂತ್ರಗಳು ತಯಾರಾಗಿ, ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಆ ನೀಲಿ ಪೆಟ್ಟಿಗೆಯಲ್ಲಿ ಕುಳಿತೆದ್ದಿದ್ದರು.

ಆ ಯಂತ್ರದ ಒಂದು ಅಂಗ ನನ್ನನ್ನು ಬಹುವಾಗಿ ಕಾಡಿತು. ಶಿಕ್ಷಕನ ಮೇಜಿನ ಮೇಲೆ ನಕಾಶೆ ಹರಡಿರುತ್ತಿತ್ತು. ಅದರ ಮೇಲೆ ಮೂರು ಗಾಲಿಯ ಪುಟ್ಟ ಬಂಡಿಯೊಂದು ಶಿಷ್ಯ ಹಾರಿದ ಹಾದಿಯನ್ನು ಶಾಯಿಯಿಂದ ಬರೆಯುತ್ತ ಸಾಗುತ್ತಿತ್ತು. ಅದನ್ನು ಏಡಿ ಎನ್ನುತ್ತಿದ್ದರು. ಪಾಠ ಮುಗಿದ ಮೇಲೆ ಇಬ್ಬರೂ ಆ ಗೆರೆಯ ಮುಂದೆ ಕೂರುತ್ತಿದ್ದರು. ಎಲ್ಲಿ ದಾರಿ ತಪ್ಪಿತು, ಏಕೆ ತಪ್ಪಿತು ಎಂಬುದಕ್ಕೆ ಅದು ಸಾಕ್ಷಿ. ನಾನೂ ಮೂರು ದಶಕಗಳ ಕಾಲ ಕೆಂಪು ಶಾಯಿಯಲ್ಲಿ ವಿದ್ಯಾರ್ಥಿಗಳ ತಪ್ಪುಗಳನ್ನು ಗುರುತಿಸಿದವನು. ಆದರೆ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು, “ಇಲ್ಲಿ ನಿನ್ನ ಯೋಚನೆ ಯಾವ ಕಡೆಗೆ ಹೊರಳಿತಪ್ಪ?” ಎಂದು ಎಷ್ಟು ಜನರನ್ನು ಕೇಳಿದೆ? ಬೆರಳೆಣಿಕೆಯಷ್ಟು. ಏಡಿಯ ಶಾಯಿಗೂ ನನ್ನ ಶಾಯಿಗೂ ಇರುವ ಅಂತರ ಅದು.

ಯುದ್ಧಕಾಲದಲ್ಲಿ ಇಂಗ್ಲೆಂಡಿನ ಸಿಲತ್ ವಾಯುನೆಲೆಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಲ್ಲಿಯ ಅಣಕು ವಿಮಾನದಲ್ಲಿ ಇಡೀ ತಂಡವೇ ಕೂರುತ್ತಿತ್ತು. ಹಿಂದಿನ ಫಲಕದಲ್ಲಿದ್ದ ಶಿಕ್ಷಕ ಬೇಕೆಂದೇ ದೋಷಗಳನ್ನು ಹುಟ್ಟಿಸುತ್ತಿದ್ದ. ಲಕ್ಷಣ ನೋಡಿ ಮೂಲವನ್ನು ಹುಡುಕುವುದು ಶಿಷ್ಯರ ಕೆಲಸ. ರೋಗಿಯಿಲ್ಲದೆ ವೈದ್ಯ ಕಲಿಸಿದಂತೆ!

ಯಂತ್ರವನ್ನು ಹಾರಿಸುವುದು ಒಂದು ವಿದ್ಯೆಯಾದರೆ ಅದರಿಂದ ಕಾದುವುದು ಇನ್ನೊಂದು. ಈ ಎರಡನೆಯದಕ್ಕೆ ಮೊದಲ ಸೂತ್ರಕಾರ ಜರ್ಮನಿಯ ಓಸ್ವಾಲ್ಡ್ ಬೋಲ್ಕೆ. 1916ರಲ್ಲಿ ಅವನು ತನ್ನ ಕಿರಿಯರಿಗಾಗಿ ಕೆಲವು ನಿಯಮಗಳನ್ನು ರಚಿಸಿದ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕು. ಹತ್ತಿರ ಹೋಗುವವರೆಗೆ ಗುಂಡು ಹಾರಿಸಬಾರದು. ಎದುರಾಳಿಯಿಂದ ಕಣ್ಣು ಕೀಳಬಾರದು. ಶತ್ರುವಿನ ನೆಲದ ಮೇಲಿರುವಾಗ ಹಿಂದಿರುಗುವ ದಾರಿಯನ್ನು ಮರೆಯಬಾರದು. ಕೊನೆಯ ಮಾತನ್ನು ಓದಿದಾಗ ನನಗೆ ಅಭಿಮನ್ಯುವಿನ ನೆನಪಾಯಿತು. ಬೋಲ್ಕೆ ನಲವತ್ತು ವಿಮಾನಗಳನ್ನು ಕೆಡವಿದ ವೀರ. ಆದರೆ ಆ ವರ್ಷದ ಅಕ್ಟೋಬರ್ 28ರಂದು ಕಾಳಗದ ಗಡಿಬಿಡಿಯಲ್ಲಿ ಸ್ವಂತ ಒಡನಾಡಿಯ ವಿಮಾನವೇ ತಗುಲಿ ಅವನು ಸತ್ತ. ಆಗ ಅವನ ವಯಸ್ಸು ಇಪ್ಪತ್ತೈದು.

ನಮ್ಮ ದೇಶದ ಒಬ್ಬ ತರುಣನನ್ನೂ ಇಲ್ಲಿ ನೆನೆಯಬೇಕು. ಕಲ್ಕತ್ತೆಯ ಇಂದ್ರಲಾಲ ರಾಯ್ 1917ರಲ್ಲಿ ಬ್ರಿಟಿಷರ ವಾಯುದಳ ಸೇರಿದ. ಆ ಡಿಸೆಂಬರಿನಲ್ಲಿ ಅವನ ವಿಮಾನ ನೆಲಕ್ಕಪ್ಪಳಿಸಿ ಅವನು ಗಾಯಗೊಂಡ. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ವಿಮಾನಗಳ ರೇಖಾಚಿತ್ರಗಳನ್ನು ಬಿಡಿಸುತ್ತಿದ್ದ. ಕಾಗದದ ಮೇಲೆ ಪೆನ್ಸಿಲು ಆಡಿಸುವುದೇ ಅವನ ಗರಡಿಯಾಯಿತೇನೋ. 1918ರ ಜುಲೈಯಲ್ಲಿ ಎರಡೇ ವಾರಗಳೊಳಗೆ ಹತ್ತು ವಿಜಯಗಳನ್ನು ಗಳಿಸಿ, 22ರಂದು ಮಡಿದ. ವಯಸ್ಸು ಹತ್ತೊಂಬತ್ತು.

ಸೂತ್ರಗಳಿದ್ದರೂ ಮುಂದಿನ ತಲೆಮಾರುಗಳು ಅವನ್ನು ಮರೆತು ಮತ್ತೆ ರಕ್ತ ತೆತ್ತು ಕಲಿಯುವುದು ಚರಿತ್ರೆಯ ರೂಢಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆ, ಕ್ಷಿಪಣಿಗಳು ಬಂದ ಮೇಲೆ ಹಳೆಯ ಕಾಲದ ಸುತ್ತಾಟದ ಕಾಳಗ ಮುಗಿಯಿತೆಂದು ನಂಬಿತ್ತು. 1965ರಿಂದ 1968ರವರೆಗೆ ಹಾರಿಸಿದ ಸುಮಾರು 600 ಕ್ಷಿಪಣಿಗಳಲ್ಲಿ ಫಲಿಸಿದ್ದು ಹತ್ತಕ್ಕೆ ಒಂದರಂತೆ. ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಎಂಬ ಅಧಿಕಾರಿಯನ್ನು ವಿಚಾರಣೆಗೆ ನೇಮಿಸಿದರು. ಅವನು ಯಾರೊಬ್ಬರ ತಲೆಗೂ ತಪ್ಪನ್ನು ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ತಯಾರಿಕೆ, ಹಡಗಿನ ಮೇಲಿನ ನಿರ್ವಹಣೆ, ದುರಸ್ತಿ, ಪೈಲಟ್‌ಗಳ ಶಿಕ್ಷಣ, ಹೀಗೆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಅದರ ಫಲವಾಗಿ 1969ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಮಿರಮಾರ್‌ನಲ್ಲಿ ಟಾಪ್‌ಗನ್ ಎಂದು ಹೆಸರಾದ ಶಾಲೆ ಆರಂಭವಾಯಿತು. ಅಲ್ಲಿ ಎದುರಾಳಿಯ ವೇಷ ತೊಟ್ಟ ಬೇರೆ ಜಾತಿಯ ವಿಮಾನಗಳೊಡನೆ ಅಣಕು ಕಾಳಗ. ಇಳಿದ ಮೇಲೆ ಪದವಿಯ ಹಿರಿಮೆ ಕಿರಿಮೆಗಳನ್ನು ಬದಿಗಿಟ್ಟು, ನಡೆದುದನ್ನು ನಡೆದಂತೆ ಬಿಡಿಸಿ ನೋಡುವ ದೀರ್ಘ ವಿಮರ್ಶೆ. ಅಮೆರಿಕನ್ನರ ಲೆಕ್ಕದಂತೆ, ಮೊದಲು ತಮ್ಮದೊಂದು ವಿಮಾನ ಹೋದಾಗ ಎದುರಾಳಿಯ ಎರಡನ್ನು ಕೆಡವುತ್ತಿದ್ದವರು, ಯುದ್ಧದ ಕೊನೆಯಲ್ಲಿ ಸುಮಾರು ಹನ್ನೆರಡನ್ನು ಕೆಡವಿದರು. ಮೊದಲ ಹತ್ತು ಕಾಳಗಗಳನ್ನು ಬದುಕಿ ದಾಟಿದವನು ಮುಂದೆಯೂ ಉಳಿಯುವ ಸಂಭವ ಹೆಚ್ಚೆಂಬುದನ್ನು ಅಲ್ಲಿಯ ವಾಯುಸೇನೆ ಕಂಡುಕೊಂಡಿತು. ಆ ಹತ್ತನ್ನು ಮನೆಯಂಗಳದಲ್ಲೇ ಮುಗಿಸಿಬಿಡೋಣವೆಂದು 1975ರಲ್ಲಿ ರೆಡ್ ಫ್ಲ್ಯಾಗ್ ಎಂಬ ಕವಾಯತನ್ನು ಆರಂಭಿಸಿತು. ನಮ್ಮ ವಾಯುಸೇನೆಯೂ 1971ರಲ್ಲೇ ಆದಂಪುರದಲ್ಲಿ ತಂತ್ರಾಭ್ಯಾಸದ ಘಟಕವೊಂದನ್ನು ತೆರೆದಿತ್ತು. ಅದು ಇಂದು ಗ್ವಾಲಿಯರ್‌ನಲ್ಲಿದೆ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ತೇಜಸ್ ವಿಮಾನ ಮೊದಲ ಬಾರಿ ಏರುವ ಮುನ್ನ, ಅದನ್ನು ನಿಯಂತ್ರಿಸುವ ಗಣಿತವೆಲ್ಲ ನೆಲದ ಮೇಲಿನ ಅಣಕು ಯಂತ್ರಗಳಲ್ಲಿ ವರ್ಷಗಟ್ಟಲೆ ಪರೀಕ್ಷೆಗೊಳಗಾಗಿತ್ತು.

ಹೀಗೆ ತಪ್ಪಿನ ಬೆಲೆಯನ್ನು ಇಳಿಸುತ್ತ ಬಂದದ್ದೇ ಈ ವಿದ್ಯೆಯ ಚರಿತ್ರೆ. ಇದನ್ನು ಮೆಚ್ಚುತ್ತಲೇ ನನಗೊಂದು ಅಳುಕೂ ಇದೆ. ತಪ್ಪು ಅಗ್ಗವಾದ ಕೋಣೆಯಲ್ಲಿ ಸಾವೂ ಅಗ್ಗವಾಗಿಬಿಟ್ಟರೆ? ಲಿಂಕ್‌ನ ಪೆಟ್ಟಿಗೆಯಲ್ಲಿ ಕೂತವನಿಗೆ ನಾಳೆ ನಿಜವಾದ ಮಂಜಿಗೆ ಹೋಗಬೇಕೆಂಬ ಅರಿವಿತ್ತು. ನನ್ನ ಮೊಮ್ಮಗನಿಗೆ ಆ ನಾಳೆಯಿಲ್ಲ. ಅವನು ಕೆಡವುವ ವಿಮಾನದಲ್ಲಿ ಯಾರೂ ಇಲ್ಲ. ಇರುವುದು ಬೇಡವೂ ಬೇಡ; ಆದರೆ ಒಂದು ಕಾಲದಲ್ಲಿ ಇದ್ದರೆಂಬುದನ್ನು ಅವನು ಅರಿಯಬೇಡವೆ?

ಮೊನ್ನೆ ಅವನಿಗೆ ಇಂದ್ರಲಾಲ ರಾಯ್‌ನ ಕಥೆ ಹೇಳಿದೆ. ಕೊನೆಗೆ ಅವನು ಕೇಳಿದ್ದು ಒಂದೇ ಮಾತು: “ಹತ್ತೊಂಬತ್ತಾ ಅಜ್ಜ? ನಮ್ಮ ಅಕ್ಕನಷ್ಟೇ?”

ಹೌದೆಂದೆ. ಆಟವನ್ನು ಅವನು ಬಿಟ್ಟಿಲ್ಲ, ಬಿಡೆಂದು ನಾನೂ ಹೇಳಿಲ್ಲ. ಈಗ ಬಿದ್ದಾಗಲೆಲ್ಲ ಕೂಡಲೆ ಮರಳಿ ಆಡುವ ಗುಂಡಿಯನ್ನು ಒತ್ತದೆ, ಪಕ್ಕದ ನೋಟುಪುಸ್ತಕದಲ್ಲಿ ಎಲ್ಲಿ ತಪ್ಪಿತೆಂದು ಒಂದು ಸಾಲು ಬರೆಯುತ್ತಾನೆ. ನಾನು ಅದನ್ನು ಓದುತ್ತೇನೆ. ಕೆಂಪು ಶಾಯಿಯನ್ನು ಮುಟ್ಟುವುದಿಲ್ಲ.