ವೈದ್ಯಕೀಯ ನಿರ್ಲಕ್ಷ್ಯ ಮತ್ತು ರೋಗಿಯ ಹಕ್ಕು: ಪುಣೆಯ ಇತಿಹಾಸ

ತನ್ನ ವೃತ್ತಿಯವರೆಲ್ಲ ವಹಿಸುವಷ್ಟು ಎಚ್ಚರವನ್ನು ವೈದ್ಯ ವಹಿಸದೆ, ಅದರಿಂದಲೇ ರೋಗಿಗೆ ಹಾನಿಯಾದರೆ ಅದು ವೈದ್ಯಕೀಯ ನಿರ್ಲಕ್ಷ್ಯ. ಕಾಯಿಲೆ ವಾಸಿಯಾಗದಿದ್ದರೂ, ರೋಗಿ ಸತ್ತೇಹೋದರೂ ಅಷ್ಟಕ್ಕೇ ಅದು ನಿರ್ಲಕ್ಷ್ಯವಾಗುವುದಿಲ್ಲ. ಭಾರತದ ನ್ಯಾಯಾಲಯಗಳು ಈ ವಿಷಯಕ್ಕೆ ಬಂದಾಗಲೆಲ್ಲ ಮರಳಿ ತೆಗೆದು ಓದುವ ಹಳೆಯ ತೀರ್ಪೊಂದಿದೆ. ಅದರ ಮೊಕದ್ದಮೆ ಹುಟ್ಟಿದ್ದು ಪುಣೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ, 1953ರ ಮೇ 9ರ ಸಂಜೆ.

ಅದಕ್ಕೂ ಮೊದಲು ಪುಣೆಯ ಜನ ಚಿಕಿತ್ಸೆ ಮತ್ತು ಕಾನೂನು ಎರಡನ್ನೂ ಒಟ್ಟಿಗೆ ಕಂಡದ್ದು ಪ್ಲೇಗಿನ ಕಾಲದಲ್ಲಿ. 1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯ 4ನೆಯ ಕಲಮು, ಈ ಕಾಯ್ದೆಯಡಿ ಸದ್ಭಾವದಿಂದ ಮಾಡಿದ ಯಾವ ಕೆಲಸಕ್ಕೂ ಯಾರ ಮೇಲೂ ದಾವೆ ಹೂಡುವಂತಿಲ್ಲ ಎಂದಿತು. ರ‍್ಯಾಂಡ್ ಎಂಬ ಬ್ರಿಟಿಷ್ ಅಧಿಕಾರಿ ಅಧ್ಯಕ್ಷನಾಗಿದ್ದ ಪ್ಲೇಗ್ ಸಮಿತಿಯ ಕೈಕೆಳಗೆ ಸಿಪಾಯಿಗಳು ಮನೆಮನೆ ಹೊಕ್ಕು ಗಂಡಸರು, ಹೆಂಗಸರೆನ್ನದೆ ತಪಾಸಣೆ ಮಾಡಿದರು, ಶಂಕೆ ಬಂದವರನ್ನು ಎತ್ತಿಕೊಂಡು ಹೋದರು. ಅದೇ ವರ್ಷದ ಜೂನ್ 22ರ ರಾತ್ರಿ ಚಾಪೇಕರ ಸೋದರರು ರ‍್ಯಾಂಡನಿಗೆ ಗುಂಡಿಟ್ಟದ್ದನ್ನು ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಲ್ಲಿ ಓದುತ್ತೇವೆ. ಅದರ ಹಿಂದೆ, ಮೈ ಮುಟ್ಟಿಸಿಕೊಂಡವರಿಗೆ ಕೋರ್ಟಿನ ಬಾಗಿಲು ಮುಚ್ಚಿದ್ದ ಒಂದು ಕಲಮೂ ಇತ್ತು ಎಂಬುದು ಅಲ್ಲಿ ಅಷ್ಟಾಗಿ ಕಾಣಸಿಗದು.

ಈಗ 1953ಕ್ಕೆ ಬರೋಣ. ರತ್ನಾಗಿರಿ ಜಿಲ್ಲೆಯ ಪಾಲಶೇಟದ ಕಡಲ ದಂಡೆಯಲ್ಲಿ ಮೇ 6ರಂದು ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಬಿದ್ದು ಎಡತೊಡೆಯ ಮೂಳೆ ಮುರಿದುಕೊಂಡ. ಊರಿನ ವೈದ್ಯರು ಮರದ ಪಟ್ಟಿ ಕಟ್ಟಿ ಕಾಲನ್ನು ಅಲುಗದಂತೆ ಮಾಡಿದರು. ಅವನನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಸುಮಾರು 200 ಮೈಲಿ, ಹನ್ನೊಂದು ಗಂಟೆ ಪಯಣಿಸಿ ಪುಣೆಗೆ ತಂದರು. ತಂದೆಯೂ ವೈದ್ಯರೇ, ದೌಂಡದಲ್ಲಿ ವೃತ್ತಿ ನಡೆಸುತ್ತಿದ್ದವರು. ಪುಣೆಯ ವೈದ್ಯರು ಒಂದು ಗಂಟೆಯ ಅಂತರದಲ್ಲಿ ಎರಡು ಮಾರ್ಫಿಯಾ ಇಂಜೆಕ್ಷನ್ ಕೊಡಲು ಹೇಳಿದ್ದರು. ಕೊಟ್ಟದ್ದು ಒಂದೇ. ಕಾಲಿಗೆ ಪ್ಲಾಸ್ಟರ್ ಹಾಕಿ ಮುಗಿಸಿ ಸಂಜೆ ಐದೂವರೆಗೆ ಅವನನ್ನು ಕೋಣೆಗೆ ತಂದರು. ಏಳರ ಹೊತ್ತಿಗೆ ಮದ್ದಿನ ಅಮಲು ಇಳಿಯುತ್ತದೆ ಎಂಬ ಭರವಸೆ ಕೇಳಿ ತಂದೆ ದೌಂಡಕ್ಕೆ ಹೊರಟರು. ತಾಯಿ ಮಗನ ಬಳಿ ಉಳಿದರು. ಸ್ವಲ್ಪ ಹೊತ್ತಿನಲ್ಲೇ ಮಗ ಕೆಮ್ಮತೊಡಗಿದ್ದು, ಉಸಿರಿಗೆ ತಡಕಾಡುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಓಡಾಟ ನಡೆಯಿತು, ತುರ್ತು ಚಿಕಿತ್ಸೆ ನಡೆಯಿತು. ರಾತ್ರಿ ಒಂಬತ್ತಕ್ಕೆ ಜೀವ ಹೋಯಿತು.

ಸಾವಿಗೆ ಕಾರಣ ಕೊಬ್ಬಿನ ಕಣ ರಕ್ತನಾಳಕ್ಕೆ ಸಿಕ್ಕಿಕೊಂಡದ್ದು ಎಂದು ಪ್ರಮಾಣಪತ್ರ ಬಂತು. ತಂದೆ ಒಪ್ಪಲಿಲ್ಲ. ಸರಿಯಾದ ಅರಿವಳಿಕೆ ಕೊಡದೆ, ಮೂವರು ಸಹಾಯಕರನ್ನು ಇಟ್ಟುಕೊಂಡು ಬಲವಾಗಿ ಕಾಲೆಳೆದು ಮೂಳೆ ಕೂಡಿಸಿದ್ದರಿಂದ ಆಘಾತವಾಗಿ ಮಗ ಸತ್ತ ಎಂಬುದು ಅವರ ವಾದ. ಮೂಳೆ ಕೂಡಿಸುವ ಕೆಲಸಕ್ಕೆ ಅಂದು ಕೈಯನ್ನೇ ಹಚ್ಚಲಿಲ್ಲ, ಪ್ಲಾಸ್ಟರಿನಿಂದ ಕಾಲನ್ನು ಅಲುಗದಂತೆ ಹಿಡಿದದ್ದಷ್ಟೇ ಎಂಬುದು ವೈದ್ಯರ ವಾದ. ವಿಚಾರಣಾ ನ್ಯಾಯಾಲಯ ತಂದೆಯ ಮಾತನ್ನು ನಂಬಿ 3,000 ರೂಪಾಯಿ ಪರಿಹಾರ ಕೊಡಿಸಿತು, ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಕ್ಷ್ಮಣ ಬಾಳಕೃಷ್ಣ ಜೋಶಿ ವಿರುದ್ಧ ತ್ರ್ಯಂಬಕ ಬಾಪು ಗೋಡಬೋಲೆ ಎಂಬ ಹೆಸರಿನಲ್ಲಿ ವೈದ್ಯರ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. 1968ರ ಮೇ 2ರಂದು ಅದು ವಜಾ ಆಯಿತು. ಹದಿನೈದು ವರ್ಷ, 3,000 ರೂಪಾಯಿ.

ರೋಗಿಯನ್ನು ಒಪ್ಪಿಕೊಂಡ ವೈದ್ಯನಿಗೆ ಮೂರು ಹೊಣೆ ಇದೆ ಎಂದು ನ್ಯಾಯಮೂರ್ತಿ ಶೆಲತ್ ಆ ತೀರ್ಪಿನಲ್ಲಿ ಬರೆದರು: ಈ ರೋಗಿಯನ್ನು ಕೈಗೆತ್ತಿಕೊಳ್ಳಬೇಕೇ ಎಂದು ನಿರ್ಧರಿಸುವಾಗಿನ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗಿನ ಎಚ್ಚರ, ಆ ಚಿಕಿತ್ಸೆ ಕೊಡುವಾಗಿನ ಎಚ್ಚರ. ದೇಶದ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಹೇಳಿಕೊಡುವುದು ಇದನ್ನೇ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಬಾಗಿಲ ಹಿಂದೆ ನಡೆದದ್ದನ್ನು ಕಂಡವರು ಆಸ್ಪತ್ರೆಯವರೇ. ಹೀಗಿರುವಾಗ, ಸಾವಿನ ನಂತರ ತಂದೆಗೆ ವೈದ್ಯರೇ ಬರೆದ ಪತ್ರ ಕೋರ್ಟಿನಲ್ಲಿ ತೂಕದ ಸಾಕ್ಷಿಯಾಯಿತು. ತಂದೆ ವೈದ್ಯರಾದ್ದರಿಂದ ಏನು ಕೇಳಬೇಕೆಂದು ಗೊತ್ತಿತ್ತು, ಬಂದ ಉತ್ತರದಲ್ಲಿ ಏನಿದೆ ಎಂಬುದೂ ತಿಳಿಯಿತು. ಜಾಣ ವಕೀಲರನ್ನು ಹಿಡಿಯಬಲ್ಲ, ವೈದ್ಯಕೀಯ ಭಾಷೆ ಓದಬಲ್ಲ ಮನೆತನಕ್ಕೇ ಇಷ್ಟು ವರ್ಷ ಹಿಡಿದ ಮೇಲೆ ಕೂಲಿಕಾರರ ಗತಿ ಏನು?

ಮಹಾರಾಷ್ಟ್ರದ್ದೇ ಇನ್ನೊಂದು ಪ್ರಕರಣ ಅದಕ್ಕೆ ಉತ್ತರ ಹೇಳುತ್ತದೆ. 1963ರಲ್ಲಿ ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬಾಣಂತಿಯ ಹೊಟ್ಟೆಯೊಳಗೆ ಬಟ್ಟೆಯ ತುಂಡು ಉಳಿದು ಆಕೆ ಸತ್ತಳು. ಸರಕಾರ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಬಟ್ಟೆ ಹೊಟ್ಟೆಯಲ್ಲಿತ್ತು ಎಂಬುದೇ ಸಾಕ್ಷಿ, ಬೇರೆ ಪುರಾವೆ ಬೇಡ ಎನ್ನುವಷ್ಟು ಸ್ಪಷ್ಟವಾದ ತಪ್ಪಿಗೆ 33 ವರ್ಷ.

ತಪ್ಪಿಗೂ ತೀರ್ಪಿಗೂ ನಡುವಿನ ಈ ದೂರವನ್ನು ಕಡಿಮೆ ಮಾಡಿದ್ದು ಗ್ರಾಹಕ ಚಳವಳಿ. ಬಿಂದುಮಾಧವ ಜೋಶಿ 1974ರಲ್ಲಿ ಪುಣೆಯಲ್ಲಿ ಗ್ರಾಹಕ ಪಂಚಾಯತಿ ಕಟ್ಟಿದರು. ಗ್ರಾಹಕರಿಗೆಂದೇ ಒಂದು ಕಾನೂನು ಬೇಕೆಂದು ಒತ್ತಾಯಿಸಿದವರಲ್ಲಿ ಈ ಸಂಘಟನೆ ಮುಂದಿತ್ತು. 1986ರ ಡಿಸೆಂಬರ್ 24ರಂದು ಗ್ರಾಹಕ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ರೋಗಿ ಗ್ರಾಹಕನೇ ಎಂಬ ಜಗಳ ಸುಮಾರು ಒಂಬತ್ತು ವರ್ಷ ನಡೆಯಿತು. 1995ರ ನವೆಂಬರ್ 13ರಂದು ಭಾರತೀಯ ವೈದ್ಯಕೀಯ ಸಂಘ ವಿರುದ್ಧ ವಿ.ಪಿ. ಶಾಂತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೌದು ಎಂದಿತು. ದುಡ್ಡು ತೆಗೆದುಕೊಳ್ಳುವ ಆಸ್ಪತ್ರೆ ಕಾಯ್ದೆಯೊಳಗೆ. ಕೆಲವರಿಂದ ತೆಗೆದುಕೊಂಡು ಬಡವರಿಗೆ ಪುಕ್ಕಟೆ ನೋಡುವ ಕಡೆ ಆ ಬಡವರೂ ಒಳಗೆ. ಎಲ್ಲರಿಗೂ ಪೂರ್ತಿ ಉಚಿತವಾಗಿರುವುದು ಮಾತ್ರ ಹೊರಗೆ. ಈ ಹೊರಗಿನವರ ಪಾಲಿಗೆ ಉಳಿದದ್ದು ಸಿವಿಲ್ ಕೋರ್ಟಿನ ಉದ್ದ ದಾರಿ. ಅತ್ಯಂತ ಬಡವರೇ ಅಲ್ಲಿರುವುದರಿಂದ ಈ ಗೆರೆ ನ್ಯಾಯವಾದದ್ದೆಂದು ನನಗೆ ಅನ್ನಿಸುವುದಿಲ್ಲ.

ದೂರು ಕೊಡಲು ಜಾಗ ಸಿಕ್ಕಿತು. ಕೊಡಲು ಬೇಕಾದ ಕಾಗದ? ಕೇಸ್ ಪೇಪರ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ನರ್ಸ್ ಬರೆದ ಪುಟ ಇವೆಲ್ಲ ಆಸ್ಪತ್ರೆಯ ಕಪಾಟಿನಲ್ಲಿ. 1995ರಲ್ಲಿ ಪುಣೆಯ ಆಸ್ಪತ್ರೆಯೊಂದರ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ದಾಖಲೆ ಕೊಡಬೇಕೆಂಬ ಕಾನೂನು ಹೊಣೆ ಇಲ್ಲದಿರುವಾಗ ಕೊಡದಿದ್ದದ್ದು ನಿರ್ಲಕ್ಷ್ಯವಾಗದು ಎಂಬ ನಿಲುವು ತಳೆಯಿತು. ಮರುವರ್ಷವೇ ವರದಿಯಾದ ರಘುನಾಥ ರಹೇಜಾ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಕೇಳಿದ ರೋಗಿಗೆ ದಾಖಲೆಯ ಪ್ರತಿ ಕೊಡಬೇಕು ಎಂದಿತು. 2002ರ ವೈದ್ಯಕೀಯ ನೀತಿ ನಿಯಮಗಳು ಅದಕ್ಕೆ ಗಡುವು ಕಟ್ಟಿದವು: ಒಳರೋಗಿಯ ದಾಖಲೆ ಮೂರು ವರ್ಷ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎನ್ನುವುದು ಸುಲಭ. ಬರೆದುಕೊಟ್ಟು, ನಕಲಿನ ಮೇಲೆ ಆಸ್ಪತ್ರೆಯ ಸಿಕ್ಕೆ ಹಾಕಿಸಿಕೊಂಡರೆ ಆ ಗಂಟೆಯಿಂದ 72 ಎಣಿಕೆ ಶುರು. 2008ರ ಸಮೀರಾ ಕೊಹ್ಲಿ ತೀರ್ಪಿನ ನಂತರ ಒಪ್ಪಿಗೆಯ ಕಾಗದಕ್ಕೂ ಬೆಲೆ ಬಂತು: ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ, ಜೀವಕ್ಕೆ ಅಪಾಯ ಬಂದ ಹೊತ್ತಲ್ಲದಿದ್ದರೆ, ಅಂಗ ತೆಗೆಯಲು ಒಪ್ಪಿಗೆಯಾಗುವುದಿಲ್ಲ.

ಪೊಲೀಸ್ ಕೇಸಿನ ದಾರಿ ಬೇರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ವೈದ್ಯರನ್ನು ಕ್ರಿಮಿನಲ್ ಹೊಣೆಗೆ ಎಳೆಯಲು ತಪ್ಪು ಘೋರವಾಗಿರಬೇಕು, ಪೊಲೀಸರು ಮೊದಲು, ಆದಷ್ಟು ಸರಕಾರಿ ವೈದ್ಯರಿಂದಲೇ, ನಿಷ್ಪಕ್ಷ ಅಭಿಪ್ರಾಯ ಪಡೆಯಬೇಕು ಎಂದಿತು. ಪುಣೆಯಲ್ಲಿ ಆ ಅಭಿಪ್ರಾಯಕ್ಕೆ ಕಡತ ಹೋಗುವುದು ಸರಕಾರಿ ಸಸೂನ್ ಆಸ್ಪತ್ರೆಯ ಸಮಿತಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ನಿರ್ಲಕ್ಷ್ಯದ ಸಾವಿಗೆ ಬೇರೆಯವರಿಗೆ ಐದು ವರ್ಷದವರೆಗೆ ಸಜೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ರಾತ್ರಿಯಿಡೀ ನಿಂತು ಕೆಲಸ ಮಾಡುವ ವೈದ್ಯ ಪ್ರತಿ ಸಾವಿಗೂ ಠಾಣೆಗೆ ಹೋಗುವಂತಾಗಬಾರದು ಎಂಬುದು ಸರಿ. ಆದರೆ ವೈದ್ಯರ ತಪ್ಪನ್ನು ವೈದ್ಯರೇ ತೂಗುವಾಗ ರೋಗಿಯ ಕಡೆಯವರ ಮಾತನ್ನು ಕೇಳುವುದು ಕಡ್ಡಾಯವಾಗಬೇಕು.

ನಿರ್ಲಕ್ಷ್ಯದ ಪಕ್ಕದಲ್ಲೇ ಇರುವುದು ದುಡ್ಡಿನ ಪ್ರಶ್ನೆ. ಪುಣೆಯ ವೈದ್ಯ ಅರುಣ ಗದ್ರೆ ಮತ್ತು ಅಭಯ ಶುಕ್ಲಾ, ವೈದ್ಯರ ಬಾಯಿಂದಲೇ ಖಾಸಗಿ ಚಿಕಿತ್ಸೆಯ ಒಳಗುಟ್ಟುಗಳನ್ನು ಹೇಳಿಸಿ 2016ರಲ್ಲಿ ಪುಸ್ತಕ ತಂದರು. ಕೋವಿಡ್ ಬಂದಾಗ, 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಖಾಸಗಿ ಆಸ್ಪತ್ರೆಗಳ ಶೇ 80 ಹಾಸಿಗೆಗಳಿಗೆ ದರ ಕಟ್ಟಿತು: ವಾರ್ಡಿಗೆ ದಿನಕ್ಕೆ 4,000, ಐಸಿಯುಗೆ 7,500, ವೆಂಟಿಲೇಟರ್ ಇದ್ದರೆ 9,000 ರೂಪಾಯಿ. 2021ರಲ್ಲಿ ನರ್ಸಿಂಗ್ ಹೋಮ್ ನಿಯಮ ತಿದ್ದಿ, ರೋಗಿಯ ಹಕ್ಕುಗಳ ಪಟ್ಟಿಯನ್ನು ಕಾಣುವ ಹಾಗೆ ತೂಗುಹಾಕಬೇಕು ಎಂದಿತು. 2025ರ ಏಪ್ರಿಲ್‌ನಲ್ಲಿ, ಠೇವಣಿ ಕಟ್ಟಲು ಹೇಳಿದ್ದರಿಂದ ದಾಖಲಾಗದೆ ಬೇರೆಡೆ ಹೋದ ಗರ್ಭಿಣಿಯೊಬ್ಬಳು ಸತ್ತಳು ಎಂಬ ಆರೋಪ ಪುಣೆಯ ಧರ್ಮಾರ್ಥ ಆಸ್ಪತ್ರೆಯೊಂದರ ಮೇಲೆ ಬಂದು ಊರೇ ಬೀದಿಗಿಳಿಯಿತು. ಧರ್ಮಾರ್ಥ ಆಸ್ಪತ್ರೆಗಳು ಶೇ 10 ಹಾಸಿಗೆಗಳನ್ನು ನಿರ್ಗತಿಕರಿಗೆ, ಇನ್ನು ಶೇ 10ನ್ನು ಕಡಿಮೆ ಆದಾಯದವರಿಗೆ ಮೀಸಲಿಡಬೇಕೆಂಬ ಹೈಕೋರ್ಟಿನ ಯೋಜನೆ 2006ರಿಂದಲೇ ಇದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಾದದ್ದು ಆಗಲೇ.

ಕನ್ನಡ ನಾಡಿಗೆ ಇದು ದೂರದ ಮಾತಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿಯ ಜನ ದೊಡ್ಡ ಕಾಯಿಲೆ ಬಂದರೆ ಸೊಲ್ಲಾಪುರ, ಮಿರಜ, ಪುಣೆಯ ಕಡೆಗೆ ಹೊರಡುತ್ತಾರೆ. ಹಳೆಯ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಪುಣೆಯಲ್ಲಾದ ತಪ್ಪಿಗೆ ಪುಣೆಯಲ್ಲೇ ದೂರು ಕೊಡಬೇಕಿತ್ತು, ಪ್ರತಿ ತಾರೀಖಿಗೂ ಬಸ್ಸು ಹತ್ತಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆಯ 34ನೆಯ ಕಲಮು, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎನ್ನುತ್ತದೆ. ವೈದ್ಯರು ಈ ಕಾಯ್ದೆಯ ಹೊರಗೆ ಎಂಬ ವಾದವನ್ನು ಬಾಂಬೆ ಹೈಕೋರ್ಟ್ 2021ರಲ್ಲಿ, ಸುಪ್ರೀಂ ಕೋರ್ಟ್ 2022ರಲ್ಲಿ ತಳ್ಳಿಹಾಕಿವೆ. ಗಡುವು ಎರಡು ವರ್ಷ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಕೇಳುತ್ತದೆ, ವಕೀಲರು ಇರಲೇಬೇಕೆಂದಿಲ್ಲ. ಇಂಡಿ ತಾಲ್ಲೂಕಿನ ರೈತ ಪುಣೆಯಲ್ಲಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ದೂರನ್ನು ಈಗ ವಿಜಯಪುರದಲ್ಲೇ ಕೊಡಬಹುದು. ಪುಣೆಯಿಂದ ಹೊರಡುವ ಮೊದಲು ಕೇಸ್ ಪೇಪರಿನ ಪ್ರತಿ, ಬಿಲ್ಲು, ಡಿಸ್ಚಾರ್ಜ್ ಕಾರ್ಡ್ ಅವನ ಚೀಲ ಸೇರಿರಬೇಕು.