ಗಾಡಿಯ ಉರುವಲೂ ಸರಕಾರದ ಆಜ್ಞೆಯೂ

ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೋಗುವ ರಸ್ತೆಯಲ್ಲಿ ಶ್ರೀರಾಮನಗರವಿದೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಅರ್ಧ ತಾಸು ನಿಂತು ನೋಡಿರಿ. ಭತ್ತದ ಚೀಲ ಹೊತ್ತ ಟ್ರ್ಯಾಕ್ಟರು, ಅಕ್ಕಿಯ ಲಾರಿ, ಗೂಡ್ಸ್ ಆಟೋ, ಮೋಟಾರ್ ಸೈಕಲ್ಲು ಒಂದರ ಹಿಂದೊಂದು ಹೊಗೆ ಬಿಡುತ್ತ ಸಾಗುತ್ತವೆ. ಅವುಗಳ ನಡುವೆ ಆಗೊಮ್ಮೆ ಈಗೊಮ್ಮೆ ಸದ್ದೂ ಇಲ್ಲದ, ಹೊಗೆಯೂ ಇಲ್ಲದ ಒಂದು ಸ್ಕೂಟರು ನುಸುಳಿ ಹೋಗುತ್ತದೆ. ಅದು ವಿದ್ಯುತ್ತಿನಿಂದ ಓಡುವ ಗಾಡಿ. ಅದನ್ನು ಕಂಡ ಕೂಡಲೆ ಚಹದ ಅಂಗಡಿಯಲ್ಲಿ ವಾದ ಹುಟ್ಟುತ್ತದೆ. "ಇನ್ನು ಮುಂದೆ ಇಂಥ ಗಾಡಿಯನ್ನೇ ಕೊಳ್ಳಬೇಕೆಂದು ಸರಕಾರ ಕಟ್ಟಳೆ ಮಾಡಲಿ, ಗಾಳಿಯಾದರೂ ಶುದ್ಧವಾದೀತು" ಎಂದು ಒಬ್ಬರು. "ನಾನು ಯಾವ ಗಾಡಿ ಹೊಡೆಯಬೇಕೆಂದು ಹೇಳಲು ಸರಕಾರ ಯಾರು? ಕರೆಂಟು ಹೋದ ದಿನ ಏನು ಮಾಡಲಿ?" ಎಂದು ಇನ್ನೊಬ್ಬರು.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಪ್ರಶ್ನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಉರುವಲನ್ನು ಬದಲಾಯಿಸುವ ಕೆಲಸಕ್ಕೆ ಸರಕಾರಗಳು ಹಿಂದೆಯೂ ಕೈ ಹಾಕಿವೆ; ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಆ ಕಥೆಯನ್ನು ತಿಳಿದು ವಾದಕ್ಕೆ ಕೂತರೆ ನಮ್ಮ ಮಾತಿಗೆ ತೂಕ ಬಂದೀತು.

ಮೊದಲು ನಮ್ಮ ನಾಡಿನ ಕಥೆಯನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಉಗಿಯ ಬಲದಿಂದ ನಡೆಯುತ್ತಿದ್ದವು. ಅವುಗಳ ಒಲೆಗೆ ಸೌದೆ ಬೇಕು, ದೂರದಿಂದ ರೈಲಿನಲ್ಲಿ ತರಿಸಿದ ಕಲ್ಲಿದ್ದಲು ಬೇಕು. ಆಗ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಸರಕಾರ ಗಣಿಯವರಿಗೆ "ಸೌದೆ ಸುಡಬೇಡಿರಿ" ಎಂದು ಅಪ್ಪಣೆ ಮಾಡಲಿಲ್ಲ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಕಡೆ ವಿದ್ಯುದಾಗಾರವನ್ನು ಕಟ್ಟಲು ಹೊರಟಿತು; ವಿದ್ಯುತ್ತನ್ನು ಕೊಳ್ಳುವುದಾಗಿ ಗಣಿಯ ಕಂಪನಿಗಳಿಂದ ಮೊದಲೇ ಕರಾರು ಮಾಡಿಸಿಕೊಂಡಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರು ದೂರದ ತಂತಿಯ ಮೇಲೆ ವಿದ್ಯುಚ್ಛಕ್ತಿ ಕೋಲಾರಕ್ಕೆ ಹರಿಯಿತು. ಅಷ್ಟು ಉದ್ದದ ತಂತಿ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಶೇಷಾದ್ರಿ ಅಯ್ಯರ್ ಅವರು 1901ರಲ್ಲೇ ತೀರಿಕೊಂಡಿದ್ದರು. ತಾವು ಬಿತ್ತಿದ್ದರ ಫಲವನ್ನು ಅವರು ಕಾಣಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬಂದಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಬೇಸಗೆಯಲ್ಲಿ ಕಾವೇರಿಯ ನೀರು ಇಳಿದಾಗ ಯಂತ್ರಗಳಿಗೆ ಬಲ ಸಾಲದಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಆರಂಭಿಸುವುದಕ್ಕೆ ಇದ್ದ ಕಾರಣಗಳಲ್ಲಿ ಇದೂ ದೊಡ್ಡದು. ಉರುವಲನ್ನು ಬಿಡಿಸಿದವರು ಅದರ ಬದಲಿಗೆ ಕೊಟ್ಟದ್ದನ್ನು ಎಡೆಬಿಡದೆ ಒದಗಿಸಬೇಕು. ಇದು ನಮ್ಮ ಹಿರಿಯರು ಕಲಿತ ಮೊದಲನೆಯ ಪಾಠ.

ಇನ್ನು ಗಾಡಿಗಳ ವಿಷಯ. ವಿದ್ಯುತ್ ಕಾರು ಹೊಸ ವಸ್ತುವೆಂದು ಅನೇಕರು ತಿಳಿದಿದ್ದಾರೆ. ಅದು ಪೆಟ್ರೋಲು ಕಾರಿನ ಓರಗೆಯದು. ಗಂಟೆಗೆ ನೂರು ಕಿಲೋಮೀಟರು ವೇಗವನ್ನು ಮೊದಲು ದಾಟಿದ ಕಾರು ವಿದ್ಯುತ್ತಿನದೇ. 1899ರಲ್ಲಿ ಬೆಲ್ಜಿಯಂ ದೇಶದ ಕಾಮಿಯ್ ಜೆನಾತ್ಸಿ ಅದನ್ನು ಓಡಿಸಿದನು. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ದೊಡ್ಡ ಪಾಲು ವಿದ್ಯುತ್ತಿನವು. ಮುಂದೆ ಫೋರ್ಡನ ಅಗ್ಗದ ಕಾರು ಬಂದಿತು. 1912ರಲ್ಲಿ ಹಿಡಿಕೆ ತಿರುಗಿಸದೆಯೇ ಎಂಜಿನನ್ನು ಚಾಲೂ ಮಾಡುವ ಸ್ಟಾರ್ಟರ್ ಬಂದಿತು. ಎಣ್ಣೆ ಅಗ್ಗವಾಯಿತು, ಬ್ಯಾಟರಿ ಭಾರವಾಗಿಯೇ ಉಳಿಯಿತು. ಯಾವ ಸರಕಾರವೂ ಆಜ್ಞೆ ಮಾಡದೆಯೇ ವಿದ್ಯುತ್ ಕಾರು ಮೂಲೆ ಸೇರಿತು. ಬೆಲೆ ಮತ್ತು ಅನುಕೂಲಗಳ ಆಜ್ಞೆ ಸರಕಾರದ ಆಜ್ಞೆಗಿಂತ ಕಠಿಣ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿ ಉರುವಲು ಬಲವಂತದಿಂದ ಬದಲಾಯಿತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಎಣ್ಣೆ ತಪ್ಪಿಹೋಯಿತು. ಪೆಟ್ರೋಲಿಗೆ ರೇಷನ್ ಬಂದಿತು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಉರುಳೆ ಒಲೆಗಳನ್ನು ಕಟ್ಟಿದರು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಅನಿಲವೇ ಎಂಜಿನಿಗೆ ಆಹಾರ. ಬಸ್ಸು ಹೊರಡುವ ಮೊದಲು ಕ್ಲೀನರನು ಬೆವರಿಳಿಸಿ ಗಾಳಿಯ ತಿದಿ ತಿರುಗಿಸಬೇಕಾಗಿತ್ತು. ಏರಿನಲ್ಲಿ ಬಸ್ಸು ಏದುಸಿರು ಬಿಡುತ್ತಿತ್ತು. ಯುದ್ಧ ಮುಗಿದು ಪೆಟ್ರೋಲು ಮರಳಿದ್ದೇ ತಡ, ಆ ಒಲೆಗಳು ಗುಜರಿ ಸೇರಿದವು. ನಿರುಪಾಯದಿಂದ ಒಪ್ಪಿಕೊಂಡದ್ದು ಉಪಾಯ ಕಂಡೊಡನೆ ಬಿಟ್ಟುಹೋಗುತ್ತದೆ.

ನ್ಯಾಯಾಲಯವೇ ಆಜ್ಞೆ ಮಾಡಿದ ಪ್ರಸಂಗವೂ ಇದೆ. 1998ರ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವು 2001ರ ಮಾರ್ಚ್ 31ರೊಳಗೆ ದೆಹಲಿಯ ಬಸ್ಸುಗಳೆಲ್ಲ ಡೀಸೆಲನ್ನು ಬಿಟ್ಟು ಒತ್ತಿ ತುಂಬಿದ ಅನಿಲದಿಂದ ಓಡಬೇಕೆಂದು ವಿಧಿಸಿತು. ಗಡುವು ಬಂದಾಗ ಅನಿಲ ತುಂಬುವ ಕೇಂದ್ರಗಳು ಸಾಲದಾದವು. ಆಟೋದವರು ತಾಸುಗಟ್ಟಲೆ ಸಾಲಿನಲ್ಲಿ ನಿಂತರು. ಬಸ್ಸಿಲ್ಲದೆ ಜನ ಬವಣೆಪಟ್ಟರು. ಗಡುವನ್ನು ಮುಂದೂಡಬೇಕಾಯಿತು, ದಂಡವನ್ನೂ ಹಾಕಬೇಕಾಯಿತು. ಕೊನೆಗೆ 2002ರ ಡಿಸೆಂಬರಿನ ಹೊತ್ತಿಗೆ ನಗರದ ಡೀಸೆಲ್ ಬಸ್ಸುಗಳು ನಿಂತವು. ಆಜ್ಞೆ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಸಿದ್ಧತೆ ಇದ್ದಿದ್ದರೆ ಅಷ್ಟು ಸಂಕಟವೂ ಆಗುತ್ತಿರಲಿಲ್ಲ. ಎರಡೂ ನಿಜ.

ಹೊರಗಿನ ಜಗತ್ತಿನಲ್ಲಿ ಎರಡು ಉದಾಹರಣೆಗಳು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ 1990ರಲ್ಲಿ ಒಂದು ಕಟ್ಟಳೆ ಮಾಡಿತು: ದೊಡ್ಡ ಕಂಪನಿಗಳು ಮಾರುವ ಕಾರುಗಳಲ್ಲಿ 1998ಕ್ಕೆ ನೂರಕ್ಕೆ 2, 2003ಕ್ಕೆ ನೂರಕ್ಕೆ 10 ಹೊಗೆಯಿಲ್ಲದವು ಇರಬೇಕು. ಬ್ಯಾಟರಿ ಇನ್ನೂ ಬೆಳೆದಿರಲಿಲ್ಲ. 1996ರಲ್ಲಿ ಮೊದಲ ಹಂತಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ನಾರ್ವೆ ದೇಶವು ಬೇರೆ ದಾರಿ ಹಿಡಿಯಿತು. ಪೆಟ್ರೋಲು ಕಾರಿನ ಮೇಲೆ ಭಾರವಾದ ತೆರಿಗೆ, ವಿದ್ಯುತ್ ಕಾರಿಗೆ ವಿನಾಯಿತಿ, ಊರೂರಿಗೆ ಚಾರ್ಜಿಂಗ್ ಕಂಬ. ನಿಷೇಧದ ಕಾನೂನಿಲ್ಲದೆಯೇ 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ತಿನವು. ಆ ದೇಶದ ವಿದ್ಯುತ್ತು ಬಹುಪಾಲು ಜಲಪಾತಗಳದು. ಶಿವನಸಮುದ್ರದ ನೆನಪಾಗುವುದಿಲ್ಲವೆ?

ಈಗ ನಮ್ಮ ಮನೆಗೆ ಮರಳೋಣ. 2001ರಲ್ಲಿಯೇ ಬೆಂಗಳೂರಿನಲ್ಲಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತ್ತು. ಲಂಡನ್ನಿನ ಬೀದಿಗಳಲ್ಲಿಯೂ ಅದು ಓಡಿತು. 2017ರಲ್ಲಿ ಕರ್ನಾಟಕ ಸರಕಾರ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಇಂಥ ನೀತಿಯನ್ನು ತಂದ ರಾಜ್ಯಗಳಲ್ಲಿ ನಮ್ಮದೇ ಮೊದಲನೆಯದು. 2019ರಲ್ಲಿ ಕೇಂದ್ರದ ನೀತಿ ಆಯೋಗವು 2023ರಿಂದ ಮೂರು ಚಕ್ರದ ಗಾಡಿಗಳೂ 2025ರಿಂದ ಚಿಕ್ಕ ದ್ವಿಚಕ್ರಗಳೂ ವಿದ್ಯುತ್ತಿನವೇ ಆಗಬೇಕೆಂದು ಸೂಚಿಸಿತು. ತಯಾರಕರು ವಿರೋಧಿಸಿದರು, ಆ ಸೂಚನೆ ಕಾನೂನಾಗಲಿಲ್ಲ. ಆಜ್ಞೆಯ ಬದಲಿಗೆ ಸಹಾಯಧನದ ದಾರಿ ಮುಂದುವರಿಯಿತು. ಅದರಲ್ಲಿಯೂ ಒಂದು ತೊಡಕು: 2023ರ ಜೂನಿನಲ್ಲಿ ಸ್ಕೂಟರಿನ ಸಹಾಯಧನವನ್ನು ಇಳಿಸಿದ ಕೂಡಲೆ ಮಾರಾಟವೂ ಇಳಿಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. "ಶ್ರೀರಾಮನಗರದ ಸ್ಕೂಟರು ಹೊಗೆ ಬಿಡದಿದ್ದರೇನು, ಶಕ್ತಿನಗರದಲ್ಲಿಯೂ ಕುಡತಿನಿಯಲ್ಲಿಯೂ ಕಲ್ಲಿದ್ದಲು ಉರಿಯುತ್ತದಲ್ಲ?" ಮಾತು ಸರಿ. ಹೊಗೆ ನಮ್ಮ ಬೀದಿಯಿಂದ ಇನ್ನೊಬ್ಬರ ಊರಿಗೆ ಹೋದರೆ ಅದು ಪರಿಹಾರವಲ್ಲ. ಆದರೂ ಎರಡು ಸಂಗತಿಗಳನ್ನು ಗಮನಿಸಬೇಕು. ಪೆಟ್ರೋಲಿನ ಶಕ್ತಿಯ ಹೆಚ್ಚು ಭಾಗ ಎಂಜಿನಿನಲ್ಲಿ ಬರಿಯ ಶಾಖವಾಗಿ ಪೋಲಾಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಆ ಪೋಲು ಬಹಳ ಕಡಮೆ. ಎರಡನೆಯದಾಗಿ, ಪೆಟ್ರೋಲು ಗಾಡಿ ತನ್ನ ಆಯುಷ್ಯವಿಡೀ ಪೆಟ್ರೋಲನ್ನೇ ಕುಡಿಯಬೇಕು. ವಿದ್ಯುತ್ ಗಾಡಿಯಾದರೋ ತಂತಿಯ ಆಚೆ ಪಾವಗಡದ ಬಿಸಿಲು ಬಂದರೆ ಬಿಸಿಲಿನಿಂದಲೇ, ಮುನಿರಾಬಾದಿನ ನೀರು ಬಂದರೆ ನೀರಿನಿಂದಲೇ ಓಡುತ್ತದೆ. ಆದರೆ ಬಿಸಿಲಿನ ವಿದ್ಯುತ್ತು ಹಗಲಿನದು, ನಾವು ಗಾಡಿಗೆ ಚಾರ್ಜು ಹಚ್ಚುವುದು ಇರುಳಿನಲ್ಲಿ. ಈ ಹೊಂದಾಣಿಕೆ ಇನ್ನೂ ಆಗಬೇಕಾದ ಕೆಲಸ.

ಕೊನೆಯ ಪಾಠ ಶ್ರೀರಾಮನಗರದ್ದೇ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಎಡದಂಡೆಯ ಕಾಲುವೆ ಬಂದಿತು, ಆಂಧ್ರದ ಕರಾವಳಿಯ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು, ಜೋಳದ ಸೀಮೆ ಭತ್ತದ ಕಣಜವಾಯಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಎತ್ತನ್ನು ಬಿಡಿರೆಂದು ಯಾರೂ ಆಜ್ಞೆ ಮಾಡಲಿಲ್ಲ. ನೀರು ಬಂದಿತ್ತು, ಬೆಳೆ ಬಂದಿತ್ತು, ಬ್ಯಾಂಕಿನ ಸಾಲ ಸಿಗುತ್ತಿತ್ತು, ಕೆಟ್ಟರೆ ರಿಪೇರಿ ಮಾಡುವ ಮೇಸ್ತ್ರಿ ಹತ್ತಿರದಲ್ಲಿದ್ದನು. ಅಷ್ಟು ಸಾಕಾಯಿತು.

ಹಾಗಾದರೆ ಆಜ್ಞೆ ಬೇಡವೆ? ಬೇಕು; ಆದರೆ ಅದು ಮೊದಲು ಯಾರ ಮೇಲೆ ಎಂಬುದು ಮುಖ್ಯ. ಗಾಡಿ ತಯಾರಿಸುವವರ ಮೇಲೆ, ನೂರಾರು ಬಸ್ಸು ಕೊಳ್ಳುವ ಸಾರಿಗೆ ಸಂಸ್ಥೆಗಳ ಮೇಲೆ, ತಂತಿ ಎಳೆಯುವ ಇಲಾಖೆಗಳ ಮೇಲೆ ಅದು ಮೊದಲು ಬೀಳಲಿ. ಸಾಲದ ಕಂತು ತೀರದ ಗೂಡ್ಸ್ ಆಟೋದವನ ಮೇಲೆ ಅದು ಕೊನೆಯಲ್ಲಿ ಬರಲಿ. ಬರುವಾಗ ಬ್ಯಾಟರಿಗೆ ಸಾಲ, ಅಕ್ಕಪಕ್ಕದಲ್ಲಿ ಚಾರ್ಜಿಂಗ್ ಕಂಬ, ನಂಬುವಂಥ ಕರೆಂಟು ಅವನಿಗಿಂತ ಮೊದಲೇ ಬಂದಿರಲಿ. ಗಡುವಿಲ್ಲದ ಸೌಕರ್ಯ ಸೋಮಾರಿತನಕ್ಕೆ ಎಡೆ ಕೊಟ್ಟರೆ, ಸೌಕರ್ಯವಿಲ್ಲದ ಗಡುವು ಬಡವನಿಗೆ ಹೊರೆಯಾಗುತ್ತದೆ.

ಮುಂದಿನ ಸಲ ಆ ಸದ್ದಿಲ್ಲದ ಸ್ಕೂಟರು ನಿಮ್ಮ ಬಾಗಿಲ ಮುಂದೆ ಹಾದುಹೋದಾಗ ಕೋಲಾರದ ತಂತಿಯನ್ನೂ ದೆಹಲಿಯ ಸಾಲನ್ನೂ ಒಟ್ಟಿಗೆ ನೆನೆಯಿರಿ. ಆಳುವವರನ್ನು ಯಾವ ಪ್ರಶ್ನೆ ಕೇಳಬೇಕೆಂಬುದು ಆಗ ನಿಮಗೇ ಹೊಳೆಯುತ್ತದೆ.