ದಿಲ್ಲಿಗೆ ಬಂದ ಕಲ್ಲುಗಳು

ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹೊರಡುವ ನಮ್ಮ ಸಂಘದ ಕುಟುಂಬಗಳಲ್ಲಿ ಕೆಲವರಾದರೂ ನಡುವೆ ದಿಲ್ಲಿಯಲ್ಲಿ ಎರಡು ದಿನ ತಂಗುವುದುಂಟು. ಆ ಎರಡು ದಿನಗಳ ‘ದಿಲ್ಲಿ ದರ್ಶನ’ ಎಂಥದೆಂಬುದನ್ನು ಹೇಳಬೇಕಾಗಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಕೆಂಪು ಕೋಟೆ, ಜಾಮಾ ಮಸೀದಿ, ರಾಜಘಾಟ್, ಇಂಡಿಯಾ ಗೇಟ್, ಕುತುಬ್ ಮಿನಾರ್ ಎಂದು ಇಳಿದು ಹತ್ತಿ, ಹತ್ತಿ ಇಳಿದು, ಸಂಜೆ ಕರೋಲ್ ಬಾಗಿನಲ್ಲಿ ಸೀರೆ ಕೊಂಡು ಮುಗಿಸುವುದು. ಮೂಗು ಹಿಡಿದು ಮುಳುಗಿ ಎದ್ದ ಹಾಗೆ. ಮಕ್ಕಳಿಗೆ ಕೊನೆಗೆ ನೆನಪುಳಿಯುವುದು ಚಾಂದನಿ ಚೌಕದ ಜಿಲೇಬಿ. ಜಿಲೇಬಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಕುತುಬ್ ಮಿನಾರಿನ ಬುಡದಲ್ಲಿ ನಿಂತ ಹುಡುಗನೋ ಹುಡುಗಿಯೋ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇದು ಮಸೀದಿಯಾದರೆ ಕಂಬಗಳ ಮೇಲೆ ಗಂಟೆ, ಸರಪಳಿಗಳ ಕೆತ್ತನೆ ಯಾಕಿದೆ? ಇದಕ್ಕೆ ಹಿರಿಯರು ಕೊಡುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ಮಾತು ಮರೆಸಿ ಐಸ್‌ಕ್ರೀಂ ಕೊಡಿಸುವುದು ಒಂದು. ಸಿಟ್ಟಿನಲ್ಲಿ ಅರ್ಧ ಕಥೆ ಹೇಳಿ ನಿಲ್ಲಿಸುವುದು ಇನ್ನೊಂದು. ಇಡೀ ಕಥೆಯನ್ನು ಹೇಳಬೇಕಾದರೆ ದಿಲ್ಲಿಯನ್ನು ಕಟ್ಟಡಗಳ ಲೆಕ್ಕದಲ್ಲಿ ನೋಡದೆ, ಅಲ್ಲಿಗೆ ಹೊತ್ತು ತಂದ ಕಲ್ಲುಗಳ ಲೆಕ್ಕದಲ್ಲಿ ನೋಡಬೇಕೆಂದು ನನ್ನ ಅಭಿಪ್ರಾಯ.

ಕುತುಬಿನಿಂದಲೇ ಆರಂಭಿಸೋಣ. 1192ರ ಯುದ್ಧದಲ್ಲಿ ಪೃಥ್ವೀರಾಜ ಚೌಹಾಣ ಸೋತ ಮೇಲೆ ಕುತ್ಬುದ್ದೀನ್ ಐಬಕ್ ಇಲ್ಲಿ ಮಸೀದಿ ಕಟ್ಟಿಸಲು ತೊಡಗಿದ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯನ್ನು ಇದಕ್ಕೆ ಬಳಸಲಾಯಿತೆಂದು ಪೂರ್ವದ ಬಾಗಿಲ ಮೇಲಿನ ಪರ್ಷಿಯನ್ ಶಾಸನವೇ ಹೇಳುತ್ತದೆ. ಮುಚ್ಚುಮರೆಯೇನೂ ಇಲ್ಲ, ಗೆದ್ದವನು ಹೆಮ್ಮೆಯಿಂದಲೇ ಬರೆಸಿದ್ದಾನೆ. ಮಗುವಿಗೂ ಅದನ್ನು ಹಾಗೆಯೇ ಹೇಳಬೇಕು. ಹೇಳಿದ ಮೇಲೆ ಅಂಗಳದ ನಡುವಿನ ಕಬ್ಬಿಣದ ಕಂಬದ ಹತ್ತಿರ ಕರೆದುಕೊಂಡು ಹೋಗಬೇಕು. ಏಳು ಮೀಟರಿಗಿಂತ ಸ್ವಲ್ಪ ಹೆಚ್ಚು ಎತ್ತರದ, ಆರು ಟನ್ನಿಗೂ ಮೀರಿದ ಈ ಕಂಬವೂ ಇಲ್ಲಿಯದಲ್ಲ. ‘ಚಂದ್ರ’ನೆಂಬ ರಾಜ ಇದನ್ನು ವಿಷ್ಣುವಿನ ಧ್ವಜವಾಗಿ ಒಂದು ಬೆಟ್ಟದ ಮೇಲೆ ನಿಲ್ಲಿಸಿದನೆಂದು ಅದರ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ. ಅವನು ಗುಪ್ತರ ಎರಡನೆಯ ಚಂದ್ರಗುಪ್ತನೆಂದೂ, ಬೆಟ್ಟ ವಿದಿಶಾ ಬಳಿಯ ಉದಯಗಿರಿಯೆಂದೂ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಸಾವಿರದ ಆರುನೂರು ವರ್ಷವಾದರೂ ತುಕ್ಕು ತಿಂದು ಹಾಕದಿರುವುದಕ್ಕೆ ಕಾರಣ ಮಂತ್ರವಲ್ಲ; ಆ ಕಬ್ಬಿಣದಲ್ಲಿರುವ ರಂಜಕ ಮೈಮೇಲೊಂದು ತೆಳುವಾದ ಪೊರೆ ಕಟ್ಟಿ ಕಾಪಾಡುತ್ತಿದೆ. ಹಿಂದೆ ಹೋದವರೆಲ್ಲ ಕಂಬಕ್ಕೆ ಬೆನ್ನು ಕೊಟ್ಟು ಕೈ ಹಿಂದಕ್ಕೆ ಚಾಚಿ ತಬ್ಬಿ ಅದೃಷ್ಟ ಪರೀಕ್ಷೆ ಮಾಡಿಕೊಂಡವರೇ. 1997ರಲ್ಲಿ ಸುತ್ತ ಬೇಲಿ ಬಂತು. ಮಿನಾರಿನ ಮೆಟ್ಟಿಲನ್ನು ಹತ್ತುವಂತೆಯೂ ಇಲ್ಲ. 1981ರ ಡಿಸೆಂಬರಿನಲ್ಲಿ ಒಳಗೆ ಕತ್ತಲಾಗಿ ನೂಕುನುಗ್ಗಲಿನಲ್ಲಿ ಶಾಲಾಮಕ್ಕಳು ಸತ್ತ ದುರಂತದ ನಂತರ ಅದನ್ನು ಮುಚ್ಚಿದರು.

ಪಕ್ಕದಲ್ಲೇ ಇರುವ ಅಲಾಯಿ ದರವಾಜಾ ಎಂಬ ಚೆಲುವಾದ ಬಾಗಿಲು ಕಟ್ಟಿದ್ದು 1311ರಲ್ಲಿ. ಕನ್ನಡಿಗರು ಆ ಇಸವಿಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಅಲ್ಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ದ್ವಾರಸಮುದ್ರದ ಮೂರನೆಯ ಬಲ್ಲಾಳನಿಂದ ವಸೂಲು ಮಾಡಿದ ಆನೆ, ಕುದುರೆ, ಹೊನ್ನು ದಿಲ್ಲಿ ತಲುಪಿದ್ದು ಅದೇ ವರ್ಷ. ಬಲ್ಲಾಳನ ಮಗನೂ ದಿಲ್ಲಿಗೆ ಹೋಗಬೇಕಾಯಿತು. 1313ರಲ್ಲಿ ಅವನು ಹಿಂದಿರುಗಿ ಬಂದ ಸಂತೋಷ ನಮ್ಮ ಶಾಸನದಲ್ಲಿ ದಾಖಲಾಗಿದೆ. ಹಳೇಬೀಡಿನ ಶಿಲ್ಪ ನೋಡುವಾಗ ನಾವು ದಿಲ್ಲಿಯನ್ನು ನೆನೆಯುತ್ತೇವೆ. ದಿಲ್ಲಿಯಲ್ಲಿ ಹಳೇಬೀಡನ್ನು ನೆನೆಯುವವರು ಕಡಿಮೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಿರೆಂದು ಹೇಳುವ ಜಾಗ ಫಿರೋಜ್ ಶಾ ಕೋಟ್ಲಾ. ದರ್ಶನದ ಬಸ್ಸುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. ಕ್ರಿಕೆಟ್ ಪ್ರಿಯರಿಗೆ ಮಾತ್ರ ಹೆಸರು ಗೊತ್ತು. ಪಕ್ಕದ ಮೈದಾನದಲ್ಲೇ ನಮ್ಮ ಅನಿಲ್ ಕುಂಬ್ಳೆ 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಉರುಳಿಸಿದ್ದು. ಮಕ್ಕಳನ್ನು ಆ ಆಸೆ ತೋರಿಸಿಯಾದರೂ ಕರೆದೊಯ್ಯಬಹುದು. ಒಳಗೆ ಪಾಳುಬಿದ್ದ ಮೂರಂತಸ್ತಿನ ಕಟ್ಟಡವೊಂದರ ನೆತ್ತಿಯ ಮೇಲೆ ನುಣುಪಾದ ಕಲ್ಲಿನ ಕಂಬವೊಂದು ನಿಂತಿದೆ. ಅದು ಅಶೋಕನದು. ಈಗಿನ ಹರಿಯಾಣದ ತೋಪ್ರಾ ಎಂಬ ಹಳ್ಳಿಯಲ್ಲಿ ಇದ್ದುದನ್ನು ಫಿರೋಜ್ ಶಾ ತುಘಲಕ್ ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ತರಿಸಿದ.

ತರಿಸಿದ್ದು ಹೇಗೆಂಬುದನ್ನು ಅಫೀಫ್ ಎಂಬ ಚರಿತ್ರಕಾರ ಬರೆದಿಟ್ಟಿದ್ದಾನೆ. ಆಗ ಅವನು ಹನ್ನೆರಡು ವರ್ಷದ ಹುಡುಗನಂತೆ. ಕಂಬದ ಸುತ್ತ ಬೂರುಗದ ಹತ್ತಿಯನ್ನು ರಾಶಿ ಹಾಕಿ, ಬುಡದ ಮಣ್ಣು ಅಗೆದು, ಕಂಬ ಮೆಲ್ಲಗೆ ಹತ್ತಿಯ ಹಾಸಿಗೆಯ ಮೇಲೆ ಒರಗುವಂತೆ ಮಾಡಿದರು. ಆಮೇಲೆ ಹತ್ತಿಯನ್ನು ಸ್ವಲ್ಪ ಸ್ವಲ್ಪವೇ ತೆಗೆದು ನೆಲಕ್ಕೆ ಇಳಿಸಿದರು. ಉಜ್ಜಿ ಹಾಳಾಗದಂತೆ ಜೊಂಡು ಮತ್ತು ಹಸಿ ಚರ್ಮ ಸುತ್ತಿದರು. ನಲವತ್ತೆರಡು ಗಾಲಿಗಳ ಬಂಡಿ ಸಿದ್ಧವಾಯಿತು. ಒಂದೊಂದು ಗಾಲಿಗೆ ಒಂದೊಂದು ಹಗ್ಗ, ಒಂದೊಂದು ಹಗ್ಗಕ್ಕೆ ಇನ್ನೂರು ಜನ. ಲೆಕ್ಕ ಹಾಕಿದರೆ ಎಂಟು ಸಾವಿರದ ನಾನೂರು ಆಳು! ಯಮುನೆಯ ದಡ ಮುಟ್ಟಿದ ಮೇಲೆ ದೊಡ್ಡ ದೊಡ್ಡ ದೋಣಿಗಳನ್ನು ಕೂಡಿಸಿ ನೀರಿನ ಮೇಲೆ ಸಾಗಿಸಿದರು. ನಮ್ಮ ಊರ ತೇರನ್ನು ಎಳೆದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗಮನಿಸಿ, ಇದೇನೂ ಒಡೆದು ತಂದ ಕಲ್ಲಲ್ಲ. ಮಗುವನ್ನು ತೊಟ್ಟಿಲಲ್ಲಿಟ್ಟು ತಂದ ಹಾಗೆ ತಂದದ್ದು. ಮೇಲಿದ್ದ ಬರಹದಲ್ಲಿ ಏನಿದೆಯೆಂದು ಸುಲ್ತಾನ ಪಂಡಿತರನ್ನು ಕರೆಸಿ ಕೇಳಿದ. ಯಾರಿಗೂ ಓದಲಾಗಲಿಲ್ಲ. ಬ್ರಾಹ್ಮೀ ಲಿಪಿ ಆಗಲೇ ಮರೆತುಹೋಗಿತ್ತು. ಅದನ್ನು ಬಿಡಿಸಿ ಓದಿದ್ದು 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್. ದಾರಿಯ ಪಕ್ಕದಲ್ಲಿ ನೆರಳಿಗೆಂದು ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿದ್ದು, ಇವೆಲ್ಲ ಈ ಕಂಬದ ಏಳನೆಯ ಶಾಸನದಲ್ಲಿವೆ. ಆ ಏಳನೆಯದು ಇದೊಂದು ಕಂಬದಲ್ಲಿ ಮಾತ್ರ ಸಿಕ್ಕಿದೆ. ಗುರುವಾರ ಹೋದರೆ ಮಾತ್ರ ಜನವೋ ಜನ. ಪಾಳು ಗೋಡೆಗಳಲ್ಲಿ ಜಿನ್‌ಗಳಿವೆಯೆಂದು ನಂಬಿ ಎಲ್ಲ ಮತದವರೂ ಕಷ್ಟಸುಖಗಳನ್ನು ಚೀಟಿಯಲ್ಲಿ ಬರೆದು ಇಟ್ಟು, ಊದುಬತ್ತಿ ಹಚ್ಚಿ ಹೋಗುತ್ತಾರೆ.

ಫಿರೋಜ್ ಶಾ ಮೀರತ್ತಿನಿಂದ ಇನ್ನೊಂದು ಅಶೋಕ ಸ್ತಂಭವನ್ನೂ ತರಿಸಿ ಗುಡ್ಡದ ಮೇಲಿನ ಬೇಟೆಯ ಅರಮನೆಯಲ್ಲಿ ನಿಲ್ಲಿಸಿದ. ಅದರ ಹಣೆಬರಹ ಚೆನ್ನಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಮದ್ದು ಸಿಡಿದು ಐದು ತುಂಡಾಯಿತು. 1867ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅದರ ಶಾಸನದ ಒಂದು ಚೂರು ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಅಂದರೆ ದಿಲ್ಲಿಯ ಕಲ್ಲೊಂದು ನಮಗಿಂತ ಮೊದಲೇ ಲಂಡನ್ನಿಗೆ ಬಂದು ನೆಲೆಸಿದೆ!

ಮೊಗಲರ ಕಟ್ಟಡಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ಮುಂದೆ ಹೋಗುತ್ತೇನೆ. ಒಂದು ಮಾತು ಮಾತ್ರ. ಹುಮಾಯೂನ್ ಸಮಾಧಿಯ ಹತ್ತಿರ ಕವಿ ರಹೀಮನ ಸಮಾಧಿ ಇದೆ. ಹಿಂದಿಯಲ್ಲಿ ದೋಹೆಗಳನ್ನು ಬರೆದ ಅಬ್ದುಲ್ ರಹೀಮ್ ಖಾನ್ ಖಾನಾ. ಅವನು ತೀರಿಕೊಂಡು ನೂರಿಪ್ಪತ್ತೈದು ವರ್ಷಗಳಾದ ಮೇಲೆ ಅವಧದ ನವಾಬ ಸಫ್ದರ್‌ಜಂಗನ ಸಮಾಧಿ ಕಟ್ಟುವಾಗ ರಹೀಮನ ಗೋರಿಯ ಅಮೃತಶಿಲೆಯನ್ನೇ ಸುಲಿದು ಒಯ್ದರು. ಮುಸಲ್ಮಾನನ ಗೋರಿಯಿಂದ ಮುಸಲ್ಮಾನನ ಗೋರಿಗೆ. ಗುಮ್ಮಟ ಬಹುಕಾಲ ಬೋಳಾಗಿಯೇ ಇತ್ತು. ಈಚೆಗೆ ಜೀರ್ಣೋದ್ಧಾರ ನಡೆದು 2020ರಲ್ಲಿ ಮುಗಿಯಿತು. ಕುತುಬಿನಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಈ ಎರಡು ಸಮಾಧಿಗಳನ್ನೂ ಒಂದೇ ದಿನ ತೋರಿಸಿ ಎಂದು ನನ್ನ ಸಲಹೆ.

ಆಂಗ್ಲರ ಕಾಲಕ್ಕೂ ಈ ಚಾಳಿ ಬಿಡಲಿಲ್ಲ. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆ ಹೊಸ ರಾಜಧಾನಿಗೆ ಅಡಿಗಲ್ಲಿಟ್ಟ. ಆಮೇಲೆ ಆ ಜಾಗ ಸರಿಯಿಲ್ಲವೆಂದು ತೋರಿ, ಅಡಿಗಲ್ಲನ್ನೇ ಕಿತ್ತು ರೈಸಿನಾ ಗುಡ್ಡಕ್ಕೆ ಸಾಗಿಸಿದರು. ಅದೇ ದೊರೆಯ ಅಮೃತಶಿಲೆಯ ಪ್ರತಿಮೆ ಇಂಡಿಯಾ ಗೇಟಿನ ಹಿಂದಿನ ಮಂಟಪದಲ್ಲಿ 1936ರಿಂದ ಇತ್ತು. 1968ರಲ್ಲಿ ಅದನ್ನು ಇಳಿಸಿದರು. ಈಗ ಅದು ಹಳೆಯ ದರ್ಬಾರು ನಡೆದ ಬಯಲಿನ ಉದ್ಯಾನದಲ್ಲಿ ನಿಂತಿದೆ. ಮಂಟಪ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬರಿದಾಗಿತ್ತು. 2022ರ ಸೆಪ್ಟೆಂಬರ್ 8ರಂದು ಅಲ್ಲಿ 28 ಅಡಿ ಎತ್ತರದ ನೇತಾಜಿ ಸುಭಾಷರ ಪ್ರತಿಮೆ ಅನಾವರಣವಾಯಿತು. ಕೆತ್ತಿದ ಶಿಲ್ಪಿಗಳ ತಂಡದ ಮುಖ್ಯಸ್ಥರು ಮೈಸೂರಿನ ಅರುಣ್ ಯೋಗಿರಾಜ್. 280 ಟನ್ ತೂಕದ ಒಂದೇ ಕಪ್ಪು ಕಲ್ಲು ತೆಲಂಗಾಣದ ಖಮ್ಮಂನಿಂದ 1665 ಕಿಲೋಮೀಟರ್ ದೂರ ಬಂತು. ಅದಕ್ಕೆಂದೇ ತಯಾರಿಸಿದ ನೂರಡಿ ಉದ್ದದ ಲಾರಿಗೆ 140 ಗಾಲಿಗಳು. ಫಿರೋಜ್ ಶಾನ ಬಂಡಿಗೆ ನಲವತ್ತೆರಡೇ ಇದ್ದವು.

ಇಷ್ಟೆಲ್ಲ ಹೊತ್ತು ತಂದ ಕಲ್ಲುಗಳ ನಡುವೆ, ಯಾರೂ ಅಲುಗಿಸದ ಬಂಡೆಯೊಂದೂ ದಿಲ್ಲಿಯಲ್ಲಿದೆ. ದಕ್ಷಿಣ ದಿಲ್ಲಿಯ ಈಸ್ಟ್ ಆಫ್ ಕೈಲಾಶ್ ಬಡಾವಣೆಯಲ್ಲಿ, ಇಸ್ಕಾನ್ ದೇವಸ್ಥಾನದ ಸಮೀಪ, ಮನೆಗಳ ನಡುವೆ. 1966ರಲ್ಲಿ ಅದರ ಮೇಲೆ ಅಶೋಕನ ಶಾಸನ ಪತ್ತೆಯಾಯಿತು. ಬೌದ್ಧ ಉಪಾಸಕನಾದ ಮೇಲೆ ಮೊದಲು ತಾನು ಅಷ್ಟೊಂದು ಶ್ರಮಪಡಲಿಲ್ಲವೆಂದೂ, ಶ್ರಮಪಟ್ಟರೆ ದೊಡ್ಡವರಂತೆ ಸಣ್ಣವರಿಗೂ ಸ್ವರ್ಗ ಸಾಧ್ಯವೆಂದೂ ಅದರಲ್ಲಿ ರಾಜ ಹೇಳುತ್ತಾನೆ. ಇದೇ ಒಕ್ಕಣೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, ಕೊಪ್ಪಳದ ಗವಿಮಠದಲ್ಲಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೆ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು 1915ರಲ್ಲಿ ಸಿಕ್ಕ ಆ ಮಸ್ಕಿಯ ಕಲ್ಲಿನಿಂದ. ದಿಲ್ಲಿಯ ಬಂಡೆಯ ಅಕ್ಷರಗಳು ಬಹಳ ಸವೆದಿವೆ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಹೋಗುವ ಮುಂಚೆ ಬ್ರಾಹ್ಮಿಯ ನಾಲ್ಕೈದು ಅಕ್ಷರಗಳನ್ನಾದರೂ ಮಕ್ಕಳಿಗೆ ಕಾಗದದ ಮೇಲೆ ಬರೆದು ತೋರಿಸಿಕೊಂಡು ಹೋಗಿ. ನಮ್ಮ ‘ಕ’ ಅಲ್ಲಿ ಬರಿಯ ಒಂದು ಕೂಡುವ ಗುರುತು.